ಇಂದ್ರಾಣಿ ಹೇಳದೆ ಬಿಟ್ಟ ಮಾತು

ಹಾಲಿನ ಡೇರಿ, ಕ್ಯಾಸಂಬಳ್ಳಿ
ಮಾರ್ಚ್ 4, 2024

ಅಮ್ಮಾ ಇಂದ್ರಾಣಿ,

ಮೊನ್ನೆ ನೀನು ಫೋನ್ ಮಾಡಿದಾಗ ನಾನು ನಡುವೆಯೇ ಇಟ್ಟುಬಿಟ್ಟೆ. ಕೋಪ ಅಂದುಕೊಂಡಿದ್ದರೆ ಅದನ್ನು ಮೊದಲು ಮನಸ್ಸಿನಿಂದ ತೆಗೆದುಹಾಕು. ನಿನ್ನ ದನಿ ಬಂತು, ಮಾತು ಬರಲಿಲ್ಲ. ಡಬ್ಬದೊಳಗೆ ಜೀರುಂಡೆ ಕೂಡಿಹಾಕಿದ ಹಾಗೆ ಕೇಳಿಸಿತು. ಎರಡನೆಯ ಕೀಮೋ ಮುಗಿದ ವಾರಕ್ಕೆ ಕಿವಿ ಹೀಗಾಯಿತು. ಆ ಮದ್ದು ಕೆಲವರಿಗೆ ಹೀಗೆ ಮಾಡುತ್ತದೆ, ಹೋದದ್ದು ಪೂರ್ತಿ ವಾಪಸು ಬರುವುದು ಕಷ್ಟ ಎಂದು ಕೋಲಾರದ ಡಾಕ್ಟರು ಕಾಗದದ ಮೇಲೆ ಬರೆದು ತೋರಿಸಿದರು. ಈಗ ಡೇರಿಗೆ ಹಾಲು ತರುವವರು ನನ್ನ ಮುಖದ ಹತ್ತಿರ ಬಂದು ಕೂಗುತ್ತಾರೆ. ಅವರು ಕೂಗುವಾಗ ಎಮ್ಮೆಗಳು ಬೆದರುತ್ತವೆ, ನಾನು ಮಾತ್ರ ಬೆದರುವುದಿಲ್ಲ.

ಮೆಸೇಜು ಕಳಿಸು ಎಂದು ನೀನು ಹೇಳಬಹುದು. ನನ್ನ ಫೋನ್ ಮನೆಯಲ್ಲಿ ಎಲ್ಲರ ಕೈಗೂ ಹೋಗುತ್ತದೆ. ನನ್ನ ಹೆಂಡತಿ ಪಾಪಕ್ಕ ತನಗೆ ಓದಲು ಬಾರದಿದ್ದರೂ ಯಾರಿಂದಲಾದರೂ ಓದಿಸಿಕೊಳ್ಳುತ್ತಾಳೆ. ಅವಳಿಗೆ ನನ್ನ ಕಾಯಿಲೆಯ ಹೆಸರು ಗೊತ್ತು, ಅದು ಒಂದು ಸಲ ವಾಸಿಯಾಗಿ ಮತ್ತೆ ಬಂದಿದೆ ಎನ್ನುವುದೂ ಗೊತ್ತು. ಅದಕ್ಕಿಂತ ಹೆಚ್ಚು ಗೊತ್ತಾಗುವುದು ಬೇಡ. ಆದ್ದರಿಂದ ಡೇರಿಯ ವಿಳಾಸಕ್ಕೆ ಕಾಗದ ಬರೆ. ಇಲ್ಲಿ ನಾನೇ ಕಾರ್ಯದರ್ಶಿ, ಅಂಚೆಯವನು ನನ್ನ ಕೈಗೇ ಕೊಡುತ್ತಾನೆ.

ಜನವರಿಯಲ್ಲಿ ಬೆಂಗಳೂರಿನ ಆಸ್ಪತ್ರೆಯ ಬೆಂಚಿನ ಮೇಲೆ ನಾವಿಬ್ಬರೂ ಕೂತದ್ದು ಆಗಾಗ ನೆನಪಾಗುತ್ತದೆ. ಇಬ್ಬರದೂ ಒಂದೇ ಕಾಯಿಲೆ, ಗ್ರಂಥಿಗಳ ಕ್ಯಾನ್ಸರು; ಬಂಗಾರಪೇಟೆಯಿಂದ ಬಂದದ್ದೂ ಒಂದೇ ರೈಲು. ಸಂಶೋಧನೆಯ ನರ್ಸ್ ದಿವ್ಯ ಕಂಪ್ಯೂಟರ್ ನೋಡಿ ನಿನಗೆ ಹೊಸ ಚಿಕಿತ್ಸೆಯ ಗುಂಪು, ನನಗೆ ಹಳೆಯ ಕೀಮೋ ಗುಂಪು ಎಂದಳು. ಯಾರನ್ನು ಯಾವುದಕ್ಕೆ ಹಾಕಬೇಕೆಂದು ಡಾಕ್ಟರೂ ಹೇಳುವಂತಿಲ್ಲವಂತೆ. ಹೊಸದು ಸಿಕ್ಕಿದ ನೀನು ಅತ್ತೆ. ಸಿಗದ ನಾನು ನಿನಗೆ ಸಮಾಧಾನ ಹೇಳಿದೆ. ನಿನ್ನ ಪಕ್ಕದಲ್ಲಿದ್ದ ಮುದುಕಿ ನಮ್ಮಿಬ್ಬರನ್ನೂ ಹುಚ್ಚರು ಅಂದುಕೊಂಡಿರಬೇಕು.

ನನ್ನ ಗೆಡ್ಡೆ ಕಡಿಮೆಯಾಗುತ್ತಿದೆ. ಊಟ ಸೇರುತ್ತದೆ. ನಿನ್ನದು ಎಲ್ಲಿಯವರೆಗೆ ಬಂತು, ಬರೆ.

ನಿನ್ನ ಅಣ್ಣನಂಥ
ರಾಮಚಂದ್ರಪ್ಪ


ಬೆಂಗಳೂರು
ಮಾರ್ಚ್ 13, 2024

ಅಣ್ಣಾ,

ನಿಮ್ಮ ಕಾಗದ ಊರಿಗಾಂ ಮನೆಗೆ ಹೋಗಿ, ಅಲ್ಲಿಂದ ನಮ್ಮ ಯಜಮಾನರು ಸೆಲ್ವರಾಜ್ ಅವರ ಜೇಬಿನಲ್ಲಿ ಮಡಚಿಕೊಂಡು ಇಲ್ಲಿಗೆ ಬಂತು. ನಾನು ಆಸ್ಪತ್ರೆಗೆ ಸೇರಿ ಮೂರು ದಿನವಾಯಿತು. ಕಿವಿಯ ವಿಷಯ ದಿವ್ಯಳಿಗೆ ಹೇಳಿದೆ. ನಿಮ್ಮ ಕಿವಿ ಹೋದದ್ದಕ್ಕೂ ನನಗೆ ಹೊಸ ಗುಂಪು ಸಿಕ್ಕಿದ್ದಕ್ಕೂ ಸಂಬಂಧವಿಲ್ಲ ಎಂದು ದಿವ್ಯ ಹೇಳುತ್ತಾಳೆ. ಅವಳು ಓದಿದವಳು, ಹಾಗೆ ಹೇಳುತ್ತಾಳೆ. ನನಗೆ ಮಾತ್ರ ನಿಮ್ಮ ತಟ್ಟೆಯಿಂದ ತೆಗೆದು ನನಗೆ ಬಡಿಸಿದ ಹಾಗೆಯೇ ಅನಿಸುತ್ತದೆ.

ಹೋದ ತಿಂಗಳು ರಕ್ತವನ್ನು ಯಂತ್ರಕ್ಕೆ ಹಾಕಿ ತೆಗೆದ ನನ್ನ ಬಿಳಿಕಣಗಳು ಲ್ಯಾಬಿನಲ್ಲಿ ತಯಾರಾಗಿ ಬಂದಿವೆ. ಗೆಡ್ಡೆಯ ಗುರುತು ಹಿಡಿದು ಕೊಲ್ಲುವುದನ್ನು ಅವಕ್ಕೆ ಅಲ್ಲಿ ಕಲಿಸಿದ್ದಾರಂತೆ. ಮುಂದಿನ ವಾರ ಅವನ್ನು ವಾಪಸು ನನ್ನ ಮೈಗೇ ಬಿಡುತ್ತಾರೆ. ಡಾಕ್ಟರು ಇದನ್ನೆಲ್ಲ ವಿವರಿಸುವಾಗ ಸೆಲ್ವರಾಜ್ ಕೈಕಟ್ಟಿಕೊಂಡು ಕೇಳಿ, ಆಮೇಲೆ ನನ್ನ ಕಡೆ ತಿರುಗಿ, "ಉನ್ ರತ್ತಮೇ ಉನಕ್ಕು ಪೋಲೀಸಾ?" ಎಂದರು. ನಿನ್ನ ರಕ್ತವೇ ನಿನಗೆ ಪೊಲೀಸಾ ಅಂತ. ಡಾಕ್ಟರಿಗೂ ನಗು ಬಂತು. ಇಪ್ಪತ್ತು ವರ್ಷ ವೆಲ್ಡಿಂಗ್ ಮಾಡಿದವರು, ಬೆಸುಗೆ ಹಿಡಿದರೆ ಸಾಕು ಎನ್ನುತ್ತಾರೆ.

ಮಗಳು ತ್ರಿವೇಣಿಗೆ ಹತ್ತನೇ ಕ್ಲಾಸಿನ ಪರೀಕ್ಷೆ ಹತ್ತಿರ ಬಂತು. ಅವಳನ್ನು ಬೂದಿಕೋಟೆಯ ನಮ್ಮಮ್ಮನ ಮನೆಯಲ್ಲಿ ಬಿಟ್ಟಿದ್ದೇನೆ. ನಾನೂ ಅವಳ ಹಾಗೆ ಅಲ್ಲಿಯ ಕನ್ನಡ ಸ್ಕೂಲಿನಲ್ಲಿ ಓದಿದವಳು, ಅದಕ್ಕೇ ನಿಮಗೆ ಕನ್ನಡದಲ್ಲಿ ಕಾಗದ ಬರೆಯಲು ಆಗುತ್ತಿರುವುದು. ಮದುವೆಯಾಗಿ ಊರಿಗಾಂನ ಚಿನ್ನದ ಗಣಿ ಕಾರ್ಮಿಕರ ಲೈನಿಗೆ ಬಂದ ಮೇಲೆ ಮನೆಯೊಳಗೆಲ್ಲ ತಮಿಳೇ.

ಇಲ್ಲಿ ದಿನಾ ಬೆಳಿಗ್ಗೆ ಒಂದು ವಾಕ್ಯ ಬರೆಸುತ್ತಾರೆ. ಕಣಗಳನ್ನು ಬಿಟ್ಟ ಮೇಲೆ ಕೆಲವರಿಗೆ ತಲೆ ಕಲಕುತ್ತದಂತೆ, ಅದು ಮೊದಲು ಗೊತ್ತಾಗುವುದು ಕೈಬರಹದಲ್ಲಂತೆ. ಇವತ್ತು ನಾನು "ಇಡ್ಲಿಗೆ ಉಪ್ಪು ಕಮ್ಮಿ" ಎಂದು ಬರೆದೆ. ಡಾಕ್ಟರಿಗೆ ಕನ್ನಡ ಓದಲು ಬರುವುದಿಲ್ಲ. "ವೆರಿ ಗುಡ್" ಎಂದರು.

ಕಿವಿಗೆ ತಣ್ಣನೆ ಗಾಳಿ ಬಿಡಬೇಡಿ.

ಇಂದ್ರಾಣಿ


ಕ್ಯಾಸಂಬಳ್ಳಿ
ಏಪ್ರಿಲ್ 22, 2024

ಇಂದ್ರಾಣಿಗೆ,

ನಿನ್ನ ಕಾಗದಕ್ಕೆ ಕೂಡಲೇ ಉತ್ತರ ಬರೆದಿದ್ದೆ. ಆಮೇಲೆ ಇನ್ನೊಂದು ಬರೆದೆ. ಎರಡಕ್ಕೂ ಉತ್ತರವಿಲ್ಲ. ಯುಗಾದಿಯೂ ಹೋಯಿತು. ಹೊಸ ಚಿಕಿತ್ಸೆ ಸಿಕ್ಕಿದವರಿಗೆ ಹಳೆಯ ಬೆಂಚು ಮರೆತುಹೋಗುವುದು ಸಹಜ. ಗುಣವಾದ ಮೇಲೆ ಕಾಯಿಲೆಯವರ ಮುಖ ನೋಡಲು ಯಾರಿಗೆ ತಾನೇ ಇಷ್ಟ? ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆನೇನೋ.

ನಾನು ಚೆನ್ನಾಗಿದ್ದೇನೆ. ಮೂರನೆಯ ಕೀಮೋ ಆಯಿತು. ಸ್ಕ್ಯಾನ್ ತೆಗೆದಿದ್ದಾರೆ. ವಿಶೇಷವೇನಿಲ್ಲ.

ರಾಮಚಂದ್ರಪ್ಪ


ಊರಿಗಾಂ
ಮೇ 6, 2024

ಅಣ್ಣಾ,

ಬೈದಿದ್ದು ಒಳ್ಳೆಯದಾಯಿತು. ಬೈಯುವಷ್ಟು ಶಕ್ತಿ ಇದೆ ಎಂದು ಗೊತ್ತಾಯಿತು. ನಿಮ್ಮ ಮೂರೂ ಕಾಗದಗಳು ಮನೆಗೆ ಬಂದ ಮೇಲೆ ಒಟ್ಟಿಗೇ ಸಿಕ್ಕಿದವು. ಯಜಮಾನರು ಅವನ್ನು ಟಿ.ವಿ. ಮೇಲೆ ಜೋಡಿಸಿ ಇಟ್ಟುಬಿಟ್ಟಿದ್ದರು.

ಕಣ ಬಿಟ್ಟ ಮೇಲೆ ಸ್ವಲ್ಪ ಜ್ವರ ಬಂದಿತ್ತು. ಅದೊಂದೇ. ಆಮೇಲೆ ಆಸ್ಪತ್ರೆಗೆ ಹತ್ತಿರದಲ್ಲೇ ಇರಬೇಕು ಎಂದು ಧರ್ಮಶಾಲೆಯಲ್ಲಿ ಉಳಿಸಿದರು, ಬರೆಯುವುದಕ್ಕೆ ಸೋಮಾರಿತನ. ಅಲ್ಲಿ ಮಧ್ಯಾಹ್ನವೆಲ್ಲ ನಿದ್ದೆ. ಒಂದು ತಿಂಗಳ ಸ್ಕ್ಯಾನಿನಲ್ಲಿ ಏನೂ ಕಾಣಿಸಲಿಲ್ಲ ಅಣ್ಣಾ! ಕುತ್ತಿಗೆಯ ಪಕ್ಕ ಸಣ್ಣ ಸುಂಡೆಕಾಯಿಯಂಥ ಗೆಡ್ಡೆಗಳು ಸಾಲಾಗಿದ್ದವಲ್ಲ, ಅವನ್ನು ಈಗ ತಡಕಿದರೆ ಸಿಗುವುದಿಲ್ಲ. ಸ್ನಾನ ಮಾಡುವಾಗ ಕೈ ತನ್ನಷ್ಟಕ್ಕೆ ಅಲ್ಲಿಗೇ ಹೋಗುತ್ತದೆ.

ಗಣಿಯ ಮಣ್ಣು ಗುಡ್ಡೆಯಾದ ಸೈನೈಡ್ ದಿಬ್ಬದ ಧೂಳು ಈ ಬೇಸಿಗೆಯಲ್ಲಿ ಜಾಸ್ತಿ. ನಾನು ಹೊರಗೆ ಬರಬಾರದು ಎಂದು ಸೆಲ್ವರಾಜ್ ಕಿಟಕಿಗೆಲ್ಲ ಹಳೇ ಸೀರೆ ಕಟ್ಟಿದ್ದಾರೆ. ಮನೆಯೊಳಗೆ ಹಸಿರು ಬೆಳಕು. ಗಾರ್ಮೆಂಟ್ಸಿನಲ್ಲಿ ನನ್ನ ಜೊತೆ ಮೆಷಿನ್ನಿನಲ್ಲಿ ಕೂತಿದ್ದ ಗಂಗರತ್ನಮ್ಮ ಬಂದು ಬಾಗಿಲಲ್ಲೇ ನಿಂತು ಮಾತಾಡಿಸಿ ಹೋದಳು. ಬೆಳಗಿನ ರೈಲಿನಲ್ಲಿ ನನ್ನ ಜಾಗ ಹಿಡಿದಿಟ್ಟಿದ್ದಾಳಂತೆ.

"ವಿಶೇಷವೇನಿಲ್ಲ" ಎಂದು ಬರೆದಿದ್ದೀರಿ. ಸ್ಕ್ಯಾನಿನಲ್ಲಿ ಏನು ಬಂತು? ಅದನ್ನು ಬರೆಯದೆ ಬಿಟ್ಟಿದ್ದೀರಿ.

ಇಂದ್ರಾಣಿ


ಕ್ಯಾಸಂಬಳ್ಳಿ
ಜೂನ್ 22, 2024

ಅಮ್ಮಾ,

ಏಪ್ರಿಲ್‌ನ ಸ್ಕ್ಯಾನಿನಲ್ಲಿ ಅರ್ಧ ಕರಗಿತ್ತು. ಅರ್ಧ ಎನ್ನುವುದು ಬರೆಯುವಂಥ ಸುದ್ದಿ ಅನಿಸಲಿಲ್ಲ. ಈಗ ಬರೆಯಲೇಬೇಕಾಗಿದೆ. ಈ ತಿಂಗಳು ಮತ್ತೆ ತೆಗೆದರು. ಕರಗಿದ್ದ ಅರ್ಧವೂ ವಾಪಸು ಬಂದಿದೆ, ಹೊಟ್ಟೆಯೊಳಗೆ ಹೊಸದಾಗಿಯೂ ಎದ್ದಿದೆ. ಕೀಮೋ ಇನ್ನು ನಡೆಯುವುದಿಲ್ಲ ಎಂದರು.

ಸಂಶೋಧನೆಯ ನಿಯಮದಲ್ಲಿ ಒಂದು ದಾರಿ ಇಟ್ಟಿದ್ದಾರೆ. ಹಳೆಯ ಗುಂಪಿನವರಿಗೆ ಕೀಮೋ ಹಿಡಿಯದಿದ್ದರೆ ನಿನಗೆ ಕೊಟ್ಟದ್ದನ್ನೇ ಕೊಡಬಹುದಂತೆ. ಬೆಂಗಳೂರಿಗೆ ಹೋಗಿದ್ದೆ. ಡಾಕ್ಟರು ಒಳ್ಳೆಯ ಮನುಷ್ಯರು, ದಿವ್ಯಳಿಂದ ದೊಡ್ಡದಾಗಿ ಬರೆಸಿ ತೋರಿಸಿದರು: ಹತ್ತು ಜನರಲ್ಲಿ ನಾಲ್ವರಿಗೆ ಕಾಯಿಲೆ ಬಹುಕಾಲ ಮರಳದೆ ಇರಬಹುದು, ಕೆಲವರಿಗೆ ಮೆದುಳಿಗೆ ತೊಂದರೆ, ಜೀವಕ್ಕೂ ಅಪಾಯವುಂಟು. ನಿಧಾನವಾಗಿ ಯೋಚಿಸಿ, ಬೇಡ ಎಂದರೆ ಬೇರೆ ಮಾತ್ರೆಗಳಿವೆ, ಅವುಗಳಿಂದ ಕೆಲವು ತಿಂಗಳು ಎಂದರು.

ಪಾಪಕ್ಕನಿಗೆ ಈ ಸಲ ಹೇಳಿದೆ. ಅವಳು ಒಲೆಯ ಮುಂದೆ ಕೂತು ಮುದ್ದೆ ತಿರುವುತ್ತಿದ್ದಳು. ಕೋಲು ಬಿಡಲಿಲ್ಲ. ನನ್ನ ಕಿವಿಯ ಹತ್ತಿರ ಬಂದು, "ಇರೋ ನಾಕು ತಿಂಗ್ಳು ಮನೇಲಿರು. ಅಲ್ಲೋಗಿ ನನ್ ಗುರ್ತು ಇಲ್ದಂಗೆ ಸಾಯೋದೇನು ಬ್ಯಾಡ" ಎಂದಳು. ಅವಳು ಹೇಳುವುದರಲ್ಲಿ ತಪ್ಪಿಲ್ಲ. ನನಗೂ ಸಾವಿಗಿಂತ ಅದೇ ಭಯ. ಕಿವಿ ಹೋಗಿದೆ. ಬುದ್ಧಿಯೂ ಹೋಗಿ ಮಂಚದ ಮೇಲೆ ಬಿದ್ದಿರುವುದು ನನ್ನಿಂದಾಗದು.

ನನಗೆ ತಿಳಿದವರಲ್ಲಿ ಆ ದಾರಿಯಲ್ಲಿ ಹೋಗಿ ಬಂದವಳು ನೀನೊಬ್ಬಳೇ. ಡಾಕ್ಟರ ಹತ್ತರಲ್ಲಿ ನಾಲ್ಕು ನನಗೆ ಅರ್ಥವಾಗುವುದಿಲ್ಲ. ನೀನು ಅರ್ಥವಾಗುತ್ತೀಯ. ಜ್ವರ ನಿಜವಾಗಿ ಎಷ್ಟಿತ್ತು? ಮೂರು ತಿಂಗಳ ಸ್ಕ್ಯಾನ್ ಈ ತಿಂಗಳೇ ಅಲ್ಲವೇ? ಅದೇನಾಯಿತು? ಹೋಗು ಎಂದರೆ ಹೋಗುತ್ತೇನೆ, ಬೇಡ ಎಂದರೆ ಇಲ್ಲ. ಈ ತಿಂಗಳ ಕೊನೆಯೊಳಗೆ ಹೇಳಬೇಕು.

ರಾಮಚಂದ್ರಪ್ಪ


ಊರಿಗಾಂ
ಜೂನ್ 26, 2024

ಅಣ್ಣಾ,

ಹೋಗಿ.

ಜ್ವರ ಇತ್ತು, ಎರಡು ಮೂರು ದಿನ ತಲೆ ಮಂಕಾಗಿತ್ತು, ಆಮೇಲೆ ಸರಿಹೋಯಿತು. ನೋಡಿ, ಈ ಕಾಗದ ನಾನೇ ಬರೆಯುತ್ತಿದ್ದೇನೆ, ಒತ್ತು ದೀರ್ಘ ಒಂದೂ ತಪ್ಪಿಲ್ಲ. ಪಾಪಕ್ಕನಿಗೆ ಇದನ್ನು ತೋರಿಸಿ. ತ್ರಿವೇಣಿ ಪಾಸಾದಳು, ಅವಳನ್ನು ಕಾಲೇಜಿಗೆ ಸೇರಿಸಿದೆವು.

ಸ್ಕ್ಯಾನ್ ಆಯಿತು. ಯೋಚನೆ ಮಾಡುವಂಥದ್ದೇನಿಲ್ಲ ಎಂದುಕೊಳ್ಳಿ. ನನ್ನ ವಿಷಯ ಬಿಡಿ, ನಿಮ್ಮ ಕಣ ಬೇರೆ, ನನ್ನ ಕಣ ಬೇರೆ. ಹಳೆಯ ದಿನಗಳಲ್ಲಿ ಗಣಿಗೆ ಇಳಿಯುವವರು ಲಿಫ್ಟಿನಂಥ ಪಂಜರದ ಬಾಗಿಲು ಹಾಕಿದ ಮೇಲೆ ಯೋಚಿಸುತ್ತಿರಲಿಲ್ಲ ಎಂದು ನಮ್ಮ ಮಾವ ಹೇಳುತ್ತಿದ್ದರು. ಹಾಗೆ ಹೋಗಿ.

ಒಂದು ಕೆಲಸ ಮಾಡಿ. ದಿನಾ ಬರೆಸುವ ವಾಕ್ಯ ಏನಿರಬೇಕೆಂದು ಮೊದಲೇ ಯೋಚಿಸಿಕೊಂಡು ಹೋಗಿ. ಬೆಳಿಗ್ಗೆ ಎದ್ದ ಕೂಡಲೇ ಏನೂ ಹೊಳೆಯುವುದಿಲ್ಲ.

ಇಂದ್ರಾಣಿ


ಬೆಂಗಳೂರು
ಆಗಸ್ಟ್ 6, 2024

ಅಮ್ಮಾ ಇಂದ್ರಾಣಿ,

ನಾಳೆ ಕಣ ಬಿಡುತ್ತಾರೆ. ಪಾಪಕ್ಕ ಜೊತೆಯಲ್ಲಿದ್ದಾಳೆ. ನಾನು ಒಪ್ಪಿಗೆ ಹೇಳಲು ಇಲ್ಲಿಗೆ ಬಂದಾಗ ನಿನ್ನ ಕಾಗದವನ್ನು ದಿವ್ಯಳ ಕೈಲಿ ಓದಿಸಿಕೊಂಡಳು. "ಆ ಯಮ್ಮ ಎದ್ದು ಕುಂತವ್ಳೆ ಅಂದ್ರೆ ನೀನೂ ಏಳ್ತೀಯ, ನಡಿ" ಎಂದು ಊರಿಗೆ ಹೋಗಿ ತಾನೇ ಬಟ್ಟೆ ಗಂಟು ಕಟ್ಟಿದಳು. ದಿವ್ಯ ಓದುವಾಗ ನಡುವೆ ಒಂದು ಕಡೆ ನಿಂತಳು. ಕಣ್ಣಿಗೇನೋ ಬಿತ್ತು ಎಂದಳು.

ವಾಕ್ಯ ಯೋಚಿಸಿದ್ದೇನೆ. "ಹಾಲು ಬೆಳಿಗ್ಗೆ ಆರಕ್ಕೆ ತನ್ನಿ." ಇದನ್ನು ಬೋರ್ಡಿಗೆ ಬರೆದು ಬರೆದು ಕೈಗೆ ಅಭ್ಯಾಸವಾಗಿದೆ, ತಲೆ ಹೋದರೂ ಕೈ ಬರೆದೀತು.

ನಿನ್ನ ಮಾತಿನ ಮೇಲೆ ಹೋಗುತ್ತಿದ್ದೇನೆ.

ರಾಮಚಂದ್ರಪ್ಪ


ಧರ್ಮಶಾಲೆ, ಬೆಂಗಳೂರು
ಸೆಪ್ಟೆಂಬರ್ 4, 2024

ಇಂದ್ರಾಣಿ,

ನಿನ್ನೆ ರಕ್ತ ಪರೀಕ್ಷೆಗೆ ಆಸ್ಪತ್ರೆಗೆ ಹೋಗಿದ್ದೆ. ಲಿಫ್ಟಿನ ಹತ್ತಿರ ಸೆಲ್ವರಾಜ್ ಒಂದು ಕವರ್ ಹಿಡಿದು ನಿಂತಿದ್ದರು. ನನ್ನನ್ನು ನೋಡಿ ಕೈಹಿಡಿದುಕೊಂಡರು, ಏನೋ ಹೇಳಿದರು. ಕೇಳಿಸಲಿಲ್ಲ ಎಂದು ಕಿವಿ ತೋರಿಸಿದೆ. ಅವರು ಹತ್ತಿರ ಬಂದು ಕೂಗಿದರು: "ತಿರುಂಬ ವಂದಿಡ್ಚಣ್ಣಾ! ಮತ್ತೆ ಬಂದ್ಬಿಟ್ಟೈತೆ! ಜೂನ್ ತಿಂಗ್ಳಲ್ಲೇ ಗೊತ್ತಾಯ್ತಲ್ಲ, ನಿಮ್ಗೆ ಬರ್ದಿದ್ಲಲ್ಲ?"

ಸಾಲಿನಲ್ಲಿ ನಿಂತಿದ್ದವರೆಲ್ಲ ತಿರುಗಿ ನೋಡಿದರು. ನಾನು ಹೌದು, ಬರೆದಿದ್ದಳು ಎಂದೆ. ಬೇರೆ ಏನು ಹೇಳಲಿ? ನೀನು ಒಳಗೆ ಮಲಗಿದ್ದೀಯ ಎಂದರು. ನಾನು ಒಳಗೆ ಬರಲಿಲ್ಲ.

ಧರ್ಮಶಾಲೆಗೆ ಬಂದು ನಿನ್ನ ಜೂನ್ ತಿಂಗಳ ಕಾಗದ ತೆಗೆದು ಓದಿದೆ. "ಯೋಚನೆ ಮಾಡುವಂಥದ್ದೇನಿಲ್ಲ ಎಂದುಕೊಳ್ಳಿ." ಎಂದುಕೊಳ್ಳಿ! ಆ ಪದ ಅವತ್ತು ನನ್ನ ಕಣ್ಣಿಗೆ ಬೀಳಲಿಲ್ಲ.

ನನಗೆ ಏನಾಯಿತು ಎಂದು ನಿನಗೆ ಗೊತ್ತಿಲ್ಲ. ಆರು ದಿನ ನನಗೆ ನೆನಪಿಲ್ಲ. ಮಂಚದಿಂದ ಇಳಿದು, ಹಾಲು ಅಳೆಯಬೇಕು ಎಂದು ಗ್ಲೂಕೋಸ್ ಬಾಟಲಿ ಕಿತ್ತುಕೊಂಡು ಓಡಿದೆನಂತೆ. ತಡೆಯಲು ಬಂದ ಪಾಪಕ್ಕನ ಕೆನ್ನೆಗೆ ಹೊಡೆದೆನಂತೆ. ಮೂವತ್ತೈದು ವರ್ಷದ ಸಂಸಾರದಲ್ಲಿ ನಾನು ಅವಳ ಮೈಮೇಲೆ ಕೈ ಮಾಡಿರಲಿಲ್ಲ. ಇದೇ ಏನು ನಿನ್ನ "ಎರಡು ಮೂರು ದಿನ ಮಂಕು"?

ನಾನು ಕೇಳಿದ್ದು ನಿಜವನ್ನು. ನಿರ್ಧಾರ ಮಾಡಬೇಕಾದವನು ನಾನು, ಆ ಮೈ ನನ್ನದು. ಸತ್ತುಹೋಗಿದ್ದರೆ ಪಾಪಕ್ಕನಿಗೆ ಯಾರು ಉತ್ತರ ಹೇಳುತ್ತಿದ್ದರು? ನೀನು ನನ್ನ ತಂಗಿಯಾಗಿದ್ದರೆ ಹೀಗೆ ಮಾಡುತ್ತಿದ್ದೆಯಾ?

ರಾಮಚಂದ್ರಪ್ಪ


ಊರಿಗಾಂ
ಸೆಪ್ಟೆಂಬರ್ 12, 2024

ಅಣ್ಣಾ,

ತಂಗಿಯಾಗಿದ್ದರೂ ಹೀಗೇ ಮಾಡುತ್ತಿದ್ದೆ. ಈಗ ಕೇಳಿ, ಒಂದನ್ನೂ ಬಿಡದೆ ಬರೆಯುತ್ತೇನೆ. ಕೈಗೆ ಸುಸ್ತಾಗುತ್ತದೆ, ನಾಲ್ಕು ದಿನದಿಂದ ಸ್ವಲ್ಪ ಸ್ವಲ್ಪವೇ ಬರೆಯುತ್ತಿದ್ದೇನೆ.

ಮಾರ್ಚ್‌ನಲ್ಲಿ ಕಣ ಬಿಟ್ಟ ಮೂರನೆಯ ದಿನ ಜ್ವರ ಏರಿತು. ಐದನೆಯ ದಿನ ವಾಕ್ಯ ಬರೆಯಿರಿ ಎಂದು ಕಾಗದ ಕೊಟ್ಟರು. ನನ್ನ ಹೆಸರು ಬರೆಯೋಣ ಎಂದು "ಇ" ಬರೆದೆ. ಮುಂದೇನು ಎಂದು ಹೊಳೆಯಲಿಲ್ಲ. ಮತ್ತೆ "ಇ" ಬರೆದೆ. ಹಾಳೆ ತುಂಬ "ಇ" ಇತ್ತು ಎಂದು ದಿವ್ಯ ಆಮೇಲೆ ಹೇಳಿದಳು. ನಂತರದ್ದು ನನಗೆ ಗೊತ್ತಿಲ್ಲ. ಐ.ಸಿ.ಯು.ಗೆ ಹಾಕಿ ಕೈಗಳನ್ನು ಮಂಚಕ್ಕೆ ಕಟ್ಟಿದ್ದರಂತೆ. ಪರೀಕ್ಷೆಯ ನಡುವಿನ ರಜೆಯಲ್ಲಿ ನೋಡಲು ಬಂದ ತ್ರಿವೇಣಿಯನ್ನು ನಾನು "ಯಾರ್ ನೀ? ಎಳ್ಕೊಂಡೋಗ್ರೀ ಇವ್ಳನ್ನ" ಎಂದು ಕೂಗಿದೆನಂತೆ. ಅವಳು ಅದನ್ನು ಇವತ್ತಿಗೂ ಹೇಳಿಲ್ಲ, ಸೆಲ್ವರಾಜ್ ಹೇಳಿದರು. ಅವಳು ಈಗಲೂ ಕೋಣೆಗೆ ಬರುವಾಗ ಬಾಗಿಲಲ್ಲಿ ಒಂದು ಗಳಿಗೆ ನಿಂತು ನನ್ನ ಮುಖ ನೋಡಿ ಆಮೇಲೆ ಒಳಗೆ ಬರುತ್ತಾಳೆ. ಅದು ನನಗೆ ಕಾಯಿಲೆಗಿಂತ ಹೆಚ್ಚು ಸಂಕಟ.

ಜೂನ್ ಇಪ್ಪತ್ತನೇ ತಾರೀಕು ವರದಿ ಬಂತು. ಕಂಕುಳಲ್ಲಿ, ಎದೆಯೊಳಗೆ, ಮತ್ತೆ ಬಂದಿದೆ. ಐದು ದಿನದ ಮೇಲೆ ನಿಮ್ಮ ಕಾಗದ ಬಂತು. ಎರಡನ್ನೂ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ. ನಿಜ ಬರೆದರೆ ನೀವು ಹೋಗುವುದಿಲ್ಲ ಎಂದು ನನಗೆ ಗೊತ್ತಿತ್ತು. ನೀವೇ ಬರೆದಿರಿ, ಹತ್ತರಲ್ಲಿ ನಾಲ್ಕು ಅರ್ಥವಾಗುವುದಿಲ್ಲ, ನೀನು ಅರ್ಥವಾಗುತ್ತೀಯ ಎಂದು. ಅದೇ ನನಗೆ ಹೆದರಿಕೆಯಾಯಿತು. ಹತ್ತು ಜನರ ಲೆಕ್ಕವನ್ನು ಬಿಟ್ಟು ನನ್ನೊಬ್ಬಳನ್ನು ನೋಡಿ ಮನೆಯಲ್ಲಿ ಕೂತುಬಿಡುತ್ತಿದ್ದಿರಿ. ಎರಡು ದಿವಸಕ್ಕೊಂದು ಗೆಡ್ಡೆ ಏಳುವ ಕಾಯಿಲೆಗೆ ಪಾಪಕ್ಕನ ಮುದ್ದೆ ಸಾಕಾಗುತ್ತದೆಯೇ?

ಇದು ಒಳ್ಳೆಯ ಕಾರಣ. ಇನ್ನೊಂದೂ ಇದೆ, ಅದು ಅಷ್ಟು ಒಳ್ಳೆಯದಲ್ಲ. ನಾನು ಇಷ್ಟೆಲ್ಲ ಅನುಭವಿಸಿ ಏನೂ ಆಗಲಿಲ್ಲವಲ್ಲ ಅಣ್ಣಾ. ಅದು ಯಾರಿಗಾದರೂ ಹಿಡಿಯುವುದನ್ನು ನಾನು ಕಣ್ಣಾರೆ ನೋಡಬೇಕಿತ್ತು. ಪರಿಚಯವಿಲ್ಲದವರಿಗೆ ಹಿಡಿದರೆ ನನಗೆ ಗೊತ್ತಾಗುವುದಿಲ್ಲ. ನಿಮಗೆ ಹಿಡಿಯಲಿ ಎಂದು ಹಟ ಬಂತು. ನೀವು ಸತ್ತುಹೋಗಬಹುದಿತ್ತು ಎನ್ನುವುದು ನನಗೆ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆದಿತ್ತು. ಹೊಳೆದ ಮೇಲೂ ಬರೆದೆ. ಕಾಗದವನ್ನು ಡಬ್ಬಿಗೆ ಹಾಕಲು ಗಂಗರತ್ನಮ್ಮನಿಗೆ ಕೊಟ್ಟು, ಅವಳು ಬೀದಿ ತಿರುಗುವ ಮೊದಲೇ ಕೂಗಿ ಕರೆದೆ. ಅವಳಿಗೆ ಕೇಳಿಸಲಿಲ್ಲ. ನಾನು ಎರಡನೇ ಸಲ ಕೂಗಲಿಲ್ಲ.

ಮೂರನೇ ತಾರೀಕು ನಾನು ಒಳಗೆ ಮಲಗಿದ್ದದ್ದು ಯಾಕೆಂದರೆ, ಮತ್ತೆ ಬಂದ ಗೆಡ್ಡೆಯಿಂದ ಒಂದು ತುಂಡು ಬೇಕಿತ್ತು ಅವರಿಗೆ. ಕಣಗಳು ನನ್ನಲ್ಲಿ ಯಾಕೆ ಸೋತವು ಎಂದು ನೋಡಬೇಕಂತೆ. "ಇದ್ರಿಂದ ನಿಮಗೇನೂ ಉಪಯೋಗ ಇಲ್ಲಮ್ಮ, ಬೇಡ ಅಂದ್ರೂ ಪರವಾಗಿಲ್ಲ" ಎಂದು ಡಾಕ್ಟರು ಎರಡೆರಡು ಸಲ ಹೇಳಿದರು. ಸೆಲ್ವರಾಜ್ "ಪೋದುಂ, ಸಾಕು ಬಿಡ್ರಿ ಸಾರ್, ಎಷ್ಟು ಚುಚ್ತೀರಿ" ಎಂದು ಎದ್ದು ನಿಂತರು. ನಾನು ತಗೊಳ್ಳಿ ಎಂದೆ. ಬಹಳ ನೋಯಿತು. ನೀವು ಹೊರಗೇ ಇದ್ದಿರಿ ಎಂದು ಆಮೇಲೆ ಗೊತ್ತಾಯಿತು.

ಬೈಯಿರಿ, ಬೇಡ ಎನ್ನುವುದಿಲ್ಲ. ಆದರೆ ನಿಮ್ಮ ಸ್ಕ್ಯಾನಿನಲ್ಲಿ ಏನು ಬಂತೆಂದು ಬರೆಯಿರಿ. ಅದೊಂದನ್ನು ಮುಚ್ಚಿಡಬೇಡಿ.

ಇಂದ್ರಾಣಿ


ಊರಿಗಾಂ
ಅಕ್ಟೋಬರ್ 5, 2024

ರಾಮಚಂದ್ರಪ್ಪ ಮಾವನವರಿಗೆ, ತ್ರಿವೇಣಿ ಮಾಡುವ ನಮಸ್ಕಾರಗಳು. ಅಮ್ಮನಿಗೆ ಬರೆಯಲು ಆಗುತ್ತಿಲ್ಲ. ಅವರು ಹೇಳಿದ್ದನ್ನು ಬರೆಯುತ್ತಿದ್ದೇನೆ.

ಅಣ್ಣಾ, ಮೂರು ವಾರವಾಯಿತು. ನಿಮಗೆ ಕೋಪವಾ, ಇಲ್ಲ ನೀವೇ ಇಲ್ಲವಾ? ದಿವ್ಯಳನ್ನು ಕೇಳಿದೆ. ಬೇರೆ ರೋಗಿಗಳ ವಿಷಯ ಹೇಳುವಂತಿಲ್ಲ ಎಂದಳು. ಒಂದು ಸಾಲು ಸಾಕು.

ಅಮ್ಮ ಇಷ್ಟೇ ಹೇಳಿದ್ದು. ಮಾವ, ದಯವಿಟ್ಟು ಬೇಗ ಬರೆಯಿರಿ.


ಕ್ಯಾಸಂಬಳ್ಳಿ
ಅಕ್ಟೋಬರ್ 8, 2024

ಅಮ್ಮಾ ಇಂದ್ರಾಣಿ,

ಸ್ಕ್ಯಾನಿನಲ್ಲಿ ಏನೂ ಇಲ್ಲ. ಹೊಟ್ಟೆಯಲ್ಲಿ ಇಲ್ಲ, ಕುತ್ತಿಗೆಯಲ್ಲಿ ಇಲ್ಲ. ಎಲ್ಲೂ ಇಲ್ಲ.

ಸೆಪ್ಟೆಂಬರ್ ಹನ್ನೊಂದಕ್ಕೇ ಗೊತ್ತಾಯಿತು. ನಿನ್ನ ದೊಡ್ಡ ಕಾಗದ ಅದಾದ ಮೇಲೆ ಕೈಗೆ ಬಂತು. ಅದನ್ನು ಓದಿ ಮುಗಿಸುವಷ್ಟರಲ್ಲಿ ಕೋಪ ಇಳಿದುಹೋಯಿತು. ಬರೆಯಲು ಕೂತಾಗಲೆಲ್ಲ, ನಿನ್ನದು ಮತ್ತೆ ಬಂದಿರುವಾಗ ನನ್ನದು ಹೋಯಿತು ಎಂದು ಯಾವ ಕೈಯಲ್ಲಿ ಬರೆಯಲಿ ಎನಿಸಿ ಪೆನ್ನು ಮುಚ್ಚುತ್ತಿದ್ದೆ. ನೀನು ಅದನ್ನೇ ಕಾಯುತ್ತಿದ್ದೀಯ ಎಂದು ಈ ಮೊದ್ದನಿಗೆ ತಿಳಿಯಲಿಲ್ಲ. ನನ್ನ ರಕ್ತದಲ್ಲಿ ಇನ್ನೂ ಬಲವಿಲ್ಲ, ಮನೆ ಬಿಟ್ಟು ಹೊರಗೆ ಕಾಲಿಡಬೇಡಿ ಎಂದಿದ್ದಾರೆ. ಆದರೂ ಶನಿವಾರ ಬರುತ್ತೇನೆ. ಪಾಪಕ್ಕ ನನ್ನ ಬಾಯಿ ಮೂಗಿಗೆ ಬಟ್ಟೆ ಕಟ್ಟಿ ಕರೆತರುತ್ತಾಳಂತೆ.

"ಆ ಯಮ್ಮನ್ ಕಾಲ್ ಇಡ್ಕೋಬೇಕು ನಾನು" ಎನ್ನುತ್ತಿದ್ದಾಳೆ. ನೀನು ಬೇಡ ಎನ್ನಬೇಡ.

ನಿನ್ನ ಅಣ್ಣ
ರಾಮಚಂದ್ರಪ್ಪ


ಕ್ಯಾಸಂಬಳ್ಳಿ
ಜನವರಿ 19, 2025

ಪ್ರೀತಿಯ ಸೆಲ್ವರಾಜ್‌ಗೆ,

ಇದನ್ನು ತ್ರಿವೇಣಿ ಓದಿ ಹೇಳಲಿ. ಅಕ್ಟೋಬರಿನ ಆ ಶುಕ್ರವಾರವೇ ನನಗೆ ಜ್ವರ ಬಂದು ಬೆಂಗಳೂರಿಗೆ ಕರೆದೊಯ್ದರು, ಶನಿವಾರ ಬರಲಾಗಲಿಲ್ಲ. ಇಂದ್ರಾಣಿ ಹೋದ ಸುದ್ದಿ ಆಸ್ಪತ್ರೆಯ ಮಂಚದ ಮೇಲೆ ತಿಳಿಯಿತು. ಆಮೇಲೆ ನಾನು ಊರಿಗಾಂಗೆ ಬಂದಾಗ ನೀವು ಹೇಳಿದಿರಿ: ನನ್ನ ಕಾಗದವನ್ನು ತ್ರಿವೇಣಿ ಓದಿದಾಗ ಇಂದ್ರಾಣಿ ಮೊದಲ ಸಾಲು ಮತ್ತೆ ಓದು ಎಂದಳು, ಉಳಿದದ್ದನ್ನು ಕೇಳಲಿಲ್ಲ, ಗೋಡೆಯ ಕಡೆ ತಿರುಗಿ ಮಲಗಿ ಬಹಳ ಹೊತ್ತು ನಿದ್ದೆ ಮಾಡಿದಳು ಎಂದು. ನಾನು ಅದನ್ನು ಪಾಪಕ್ಕನಿಗೆ ಹೇಳಿದೆ. ಅವಳು ಎದ್ದು ಹಿತ್ತಲಿಗೆ ಹೋದಳು.

ನನ್ನದು ಇನ್ನೂ ಬಂದಿಲ್ಲ. ಮೂರು ತಿಂಗಳಿಗೊಮ್ಮೆ ನೋಡುತ್ತಾರೆ. ಕಿವಿಗೆ ಮಿಷನ್ ಹಾಕಿದ್ದಾರೆ, ಎದುರಿಗೆ ಕೂತು ಜೋರಾಗಿ ಮಾತಾಡಿದರೆ ಕೇಳುತ್ತದೆ.

ನಿಮಗೆ ಬರೆಯಬೇಕೆನಿಸಿದ್ದು ಮೊನ್ನೆ ಆಸ್ಪತ್ರೆಯಲ್ಲಿ ನಡೆದದ್ದನ್ನು. ಮಾಲೂರು ಕಡೆಯಿಂದ ಬಚ್ಚಪ್ಪ ಎನ್ನುವವರು ಬಂದಿದ್ದರು, ಗಾರೆ ಕೆಲಸದವರು, ನಲವತ್ತೈದು ಇರಬಹುದು. ಜೊತೆಯಲ್ಲಿ ಹೆಂಡತಿ. ನಮ್ಮದೇ ಕಾಯಿಲೆ, ನನ್ನ ಹಾಗೆ ಕೀಮೋ ಹಿಡಿದಿಲ್ಲ. ಕಣದ ಚಿಕಿತ್ಸೆಗೆ ಒಪ್ಪುವುದೋ ಬೇಡವೋ ಎಂದು ಎರಡು ವಾರದಿಂದ ಒದ್ದಾಡುತ್ತಿದ್ದಾರೆ. ಮಾಡಿಸಿಕೊಂಡವರನ್ನು ನೋಡಬೇಕು ಎಂದು ಕೇಳಿದರಂತೆ. ದಿವ್ಯ ನನ್ನ ಹತ್ತಿರ ಬಂದು, "ಒಪ್ಪಿಸಿ ಅಂತ ನಾನು ಹೇಳೋ ಹಾಗಿಲ್ಲ. ನಿಮಗೆ ಇಷ್ಟ ಇದ್ರೆ ಅವರ ಹತ್ರ ಮಾತಾಡಿ" ಎಂದಳು.

ನಾನು ಅವರೆದುರು ಕೂತೆ. ಏನು ಹೇಳಬೇಕೆಂದು ಮೊದಲೇ ಯೋಚಿಸಿರಲಿಲ್ಲ. ಬಾಯಿ ತೆರೆದ ಮೇಲೆ ಎಲ್ಲವನ್ನೂ ಹೇಳಿದೆ. ನನ್ನ ಸ್ಕ್ಯಾನಿನಲ್ಲಿ ಏನೂ ಇಲ್ಲ ಎಂದೆ. ಪಾಪಕ್ಕನ ಕೆನ್ನೆಗೆ ಹೊಡೆದದ್ದನ್ನೂ ಹೇಳಿದೆ. ಹೆಸರು ಹೇಳದೆ ಇಂದ್ರಾಣಿಯ ವಿಷಯವನ್ನೂ ಹೇಳಿದೆ. ನಮ್ಮಿಬ್ಬರಿಗೂ ಒಂದೇ ಚಿಕಿತ್ಸೆ, ಅವರು ಉಳಿಯಲಿಲ್ಲ, ನಾನು ಉಳಿದಿದ್ದೇನೆ, ಯಾಕೆ ಎಂದು ಡಾಕ್ಟರಿಗೂ ಗೊತ್ತಿಲ್ಲ, ಆಕೆಯ ಮೈಯಿಂದ ತೆಗೆದ ತುಂಡನ್ನು ಇಟ್ಟುಕೊಂಡು ಹುಡುಕುತ್ತಿದ್ದಾರೆ ಎಂದೆ. ತನ್ನದು ಮತ್ತೆ ಬಂದಿದೆ ಎಂದು ಗೊತ್ತಿದ್ದೂ ಆಕೆ ನನಗೆ ಹೋಗಿ ಎಂದು ಬರೆದದ್ದನ್ನೂ ಹೇಳಿದೆ.

ಬಚ್ಚಪ್ಪ ತನ್ನ ಅಂಗೈ ನೋಡಿಕೊಂಡರು. ಆಮೇಲೆ, "ಆ ಯಮ್ಮ ನಿಮ್ಗೆ ನಿಜ ಏಳಿದ್ರೆ ನೀವು ಓಗ್ತಿದ್ರಾ?" ಎಂದು ಕೇಳಿದರು.

ನಾನು, "ಓಗ್ತಿರ್ಲಿಲ್ಲ" ಎಂದೆ.

"ಮತ್ತೆ ನಂಗ್ಯಾಕೆ ಏಳಿದ್ರಿ?"

ಅವರ ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದರು. ಕೇಳಿಸಲಿಲ್ಲವೇನೋ ಎಂದುಕೊಂಡು ಬಚ್ಚಪ್ಪ ಇನ್ನೊಂದು ಸಲ, ಜೋರಾಗಿ ಕೇಳಿದರು. ನನಗೆ ಮೊದಲನೇ ಸಲವೇ ಕೇಳಿಸಿತ್ತು. ಸೆಲ್ವರಾಜ್, ನಾನು ಕಿವಿಯ ಮಿಷನ್ ಮುಟ್ಟಿಕೊಂಡೆ. ಗಂಡ ಹೆಂಡತಿ ಎದ್ದು, ಸ್ವಲ್ಪ ಹೊರಗೆ ಹೋಗಿ ಬರುತ್ತೇವೆ ಎಂದು ದಿವ್ಯಳಿಗೆ ಹೇಳಿ ಹೋದರು.

ಸಂಜೆಯವರೆಗೆ ನಾನೂ ದಿವ್ಯಳೂ ಆ ಬಾಗಿಲು ನೋಡುತ್ತಾ ಕೂತಿದ್ದೆವು. ಅವರು ಬರಲಿಲ್ಲ. ನಾಳೆ ಬರಬಹುದು ಎಂದಳು ದಿವ್ಯ. ನಾನು ಬಂಗಾರಪೇಟೆಯ ರೈಲು ಹತ್ತಿದೆ.

ರಾಮಚಂದ್ರಪ್ಪ